ತಂಗಿಯ ಮೇಜಿಗೆ ಎರಡು ಸ್ಪೀಕರ್

ಹನ್ನೊಂದನೇ ತಾರೀಖು, ಗುರುವಾರ

ಪ್ರೀತಿಯ ಚೋಟು,

ಚೆನ್ನಾಗಿದ್ದೀಯಾ ಎಂದು ಕೇಳುವ ಧೈರ್ಯ ನನಗಿಲ್ಲ. ಗಂಟಲಿನ ಗಾಯ ಒಣಗಿತೇ, ನೀರು ಸರಾಗವಾಗಿ ಇಳಿಯುತ್ತಿದೆಯೇ ಎಂದಷ್ಟೇ ಕೇಳುತ್ತೇನೆ. ನಿನ್ನ ಕಾಗದ ಬಂದು ಏಳು ವಾರವಾಯಿತು. ತಡ ಮಾಡಿದ್ದಕ್ಕೆ ಮನಸ್ಸಿನಲ್ಲೇ ನಾಲ್ಕು ಬೈದುಬಿಡು. ಎಷ್ಟೋ ಸಲ ಫೋನು ಕೈಗೆತ್ತಿಕೊಂಡೆ. ಆ ಕಡೆಯಿಂದ ಬರೀ ನಿನ್ನ ಉಸಿರು ಕೇಳಿಸೀತೆಂದು ಹೆದರಿ ಇಟ್ಟುಬಿಟ್ಟೆ.

‘ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ಬಾಯಿ ಮುಚ್ಚಿತು. ಇನ್ನು ಕಿವಿಯೊಂದೇ ನನ್ನದು. ಮೇಜಿನ ಮೇಲಿಟ್ಟು ಹಾಡು ಕೇಳಲು ಅಗ್ಗದ್ದೇನಾದರೂ ನೋಡಿಕೊಡು’ ಎಂದು ನೀನು ಬರೆದಿದ್ದೆ. ಅದನ್ನು ಓದಿದ ದಿನ ನಿನ್ನ ಅತ್ತಿಗೆ ಒಲೆ ಹಚ್ಚಲಿಲ್ಲ. ನಾನು ಅಂಗಡಿ ಸುತ್ತಲು ಹೊರಟೆ. ಬೇರೆ ಏನು ಮಾಡಲು ತಾನೇ ನನಗೆ ಬರುತ್ತದೆ?

ಮೊದಲು ಮೋಸ ಹೋದೆ. ಯಾರೋ ಬಳಸಿ ಬಿಟ್ಟ ಆಂಪ್ಲಿಫೈಯರ್, ಅದಕ್ಕೆ ಬೇರೆಯಾಗಿ ಎರಡು ಸ್ಪೀಕರ್ ತಂದೆ. ಸ್ವಿಚ್ ಒತ್ತಿದರೆ ಹಾಡಿಗಿಂತ ಮೊದಲು ‘ಗುಂಯ್’ ಎಂಬ ಸದ್ದು. “ಜೇನುಗೂಡು ತಂದಿದ್ದೀರೇನ್ರೀ?” ಎಂದಳು ನಿನ್ನ ಅತ್ತಿಗೆ. ಹಿಂದಿರುಗಿಸಲು ಹೋದಾಗ ಅಂಗಡಿಯವನು ನಿನ್ನ ಕೋಣೆಯ ಅಳತೆ ಕೇಳಿಕೊಂಡು ಹೇಳಿದ:

“ಸಾರ್, ಚಿಕ್ಕ ರೂಮು, ಕಿಟಕಿ ಪಕ್ಕ ಮೇಜು. ಗೋಡೆ ನಡುಗಿಸೋ ಬಾಸ್ ಡಬ್ಬಾ ಯಾಕೆ ಬೇಕು? ಆಂಪ್ಲಿಫೈಯರ್ ಒಳಗೇ ಇರೋ ಜೋಡಿ ತಗೊಳ್ಳಿ. ನಾಲ್ಕಂಗುಲದ್ದು ಧಾರಾಳ. ತಂತಿ ಗೋಜಲೂ ಇಲ್ಲ.”

“ಫೋನಿಗೆ ನೇರ ಸಿಕ್ಕಿಸಬಹುದಾ?”

“ಸಿಕ್ಕಿಸಬಹುದು. ಆದರೆ ನಡುವೆ ಈ ಪುಟ್ಟ ಡಬ್ಬಿ ಇದ್ರೆ ಒಂದೊಂದು ದನಿನೂ ಬಿಡಿಬಿಡಿಯಾಗಿ ಕೇಳತ್ತೆ. ಉಳಿದಿದ್ದೆಲ್ಲ ಬರೀ ಶೋಕಿ.”

ಆ ಜೋಡಿಯನ್ನೇ ತಂದೆ, ಬೆಂಕಿಪೆಟ್ಟಿಗೆಯಷ್ಟಿರುವ ಆ ಡಬ್ಬಿಯನ್ನೂ. ಸೋಮವಾರ ನಿನಗೆ ತಲುಪುತ್ತವೆ. ಗೋಡೆಗೆ ಒತ್ತಿ ಇಡಬೇಡ, ಒಂದು ಗೇಣು ಜಾಗ ಬಿಡು. ಕೆಳಗೆ ದಪ್ಪ ಪುಸ್ತಕ ಕೊಟ್ಟು ಕಿವಿಯ ಮಟ್ಟಕ್ಕೆ ಎತ್ತರಿಸು. ಎರಡರ ನಡುವೆ ಎಷ್ಟು ದೂರವೋ, ಅವುಗಳಿಂದ ಅಷ್ಟೇ ದೂರ ಕುರ್ಚಿ ಹಾಕಿಕೋ.

ಕಳಿಸುವ ಮುಂಚೆ ಪರೀಕ್ಷಿಸೋಣವೆಂದು ಇವನ್ನು ಟೇಪ್ ರೆಕಾರ್ಡರಿಗೆ ಸಿಕ್ಕಿಸಿ ನಮ್ಮ ಹಳೆಯ ಕ್ಯಾಸೆಟ್ ಹಾಕಿದೆ. ಸಂಗೀತದ ಮೇಷ್ಟ್ರು ನಮ್ಮಿಬ್ಬರ ದನಿ ನೋಡಲು ಬರುವ ಹಿಂದಿನ ವಾರ ಅಪ್ಪ ನನ್ನ ಹಾಡು ರೆಕಾರ್ಡ್ ಮಾಡಿದ್ದರಲ್ಲ, ಅದು. ಆಗ ನನಗೆ ಹದಿನೇಳು, ನಿನಗೆ ಹದಿನಾಲ್ಕು. ಮೇಷ್ಟ್ರು ನನ್ನನ್ನು ಒಪ್ಪಿದರು, ನಿನ್ನನ್ನು ಬೇಡವೆಂದರು. ನಾನು ಎರಡೇ ವರ್ಷಕ್ಕೆ ಬೇಸತ್ತು ಬಿಟ್ಟು, ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾದೆ. ಆದರೂ ವರ್ಷಕ್ಕೊಮ್ಮೆ ಆ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿನ ತಗಡಿನಂತಹ ದನಿಯಲ್ಲೇ ಕೇಳಿ ಮೀಸೆ ತಿರುವುತ್ತಿದ್ದೆ.

ಈ ಸ್ಪೀಕರಿನಲ್ಲಿ ಹಾಕಿದ್ದೇ ತಡ, ಅಡಿಗೆಮನೆಯಿಂದ ನಿನ್ನ ಅತ್ತಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

“ಯಾರ್ರೀ ಹಾಡ್ತಿರೋದು?”

“ಇನ್ಯಾರು, ನಾನೇ.”

“ನೀವಲ್ಲ. ನಿಮ್ಮ ಹಿಂದೆ.”

ಮತ್ತೆ ಹಾಕಿದೆ. ಪಾತ್ರೆ ತೊಳೆಯುವ ಸದ್ದು, ಅದರೊಳಗಿಂದ ನಿನ್ನ ದನಿ. ಕೆಲಸ ಮಾಡುತ್ತಾ ನನ್ನ ಜೊತೆ ಗುನುಗುತ್ತಿದ್ದೀಯೆ. ಎರಡನೆಯ ಸಾಲಿನಲ್ಲಿ ನಾನು ಸ್ವರದಿಂದ ಜಾರುತ್ತೇನೆ. ನೀನು ಜಾರುವುದಿಲ್ಲ. ನಾನು ತಡವರಿಸಿಕೊಂಡು ಹಿಂದಿರುಗುವವರೆಗೂ ಅಲ್ಲೇ ನಿಂತಿರುತ್ತೀಯೆ. ನಲವತ್ತು ವರ್ಷ ಇದು ನನಗೆ ಕೇಳಿಸಿರಲಿಲ್ಲ, ಚೋಟು. ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತಳು. “ಇಷ್ಟು ವರ್ಷದಲ್ಲಿ ಅವಳು ಒಂದು ದಿನಾನೂ ಬಾಯಿ ಬಿಟ್ಟು ಹಾಡಿದ್ದು ನಾನು ಕಾಣೆ” ಎಂದಳು. ನಾನು ಯಂತ್ರ ಆರಿಸಿದೆ.

ಆ ಕ್ಯಾಸೆಟ್ ಕಳಿಸಲೋ ಬೇಡವೋ ತಿಳಿಯದೆ ಇಷ್ಟು ದಿನ ಕಳೆದೆ. ಕಳಿಸಿದರೆ, ಇಲ್ಲದ ದನಿಯನ್ನು ತಂದು ನಿನ್ನ ಮುಂದಿಟ್ಟಂತೆ. ಕಳಿಸದಿದ್ದರೆ ಮತ್ತೊಮ್ಮೆ ಬಚ್ಚಿಟ್ಟಂತೆ. ಈಗ ಅದನ್ನು ಸ್ಪೀಕರ್ ಪೆಟ್ಟಿಗೆಯ ತಳದಲ್ಲಿ, ಟೇಪ್ ರೆಕಾರ್ಡರಿನ ಜೊತೆಗೆ, ಬಟ್ಟೆ ಸುತ್ತಿ ಇಟ್ಟಿದ್ದೇನೆ. ಕೇಳುವುದು, ಬಿಸಾಡುವುದು ನಿನಗೆ ಬಿಟ್ಟದ್ದು. ನನಗೆ ನಿದ್ದೆಯೂ ಇಲ್ಲ, ಹಸಿವೂ ಇಲ್ಲ. ಏನು ಮಾಡಿದರೂ ಸರಿಹೋಗುವ ಕಾಲ ಮುಗಿದಿದೆ.

ಔಷಧಿ ತಪ್ಪಿಸಬೇಡ. ನಿನಗೆ ನೋವಿಲ್ಲದ ದಿನಗಳು ಬರಲಿ. ಹರಸಲು ನನಗೇನು ಯೋಗ್ಯತೆಯಿದೆಯೋ ಕಾಣೆ, ಆದರೂ ಹರಸುತ್ತೇನೆ.

ನಿನ್ನ
ಅಣ್ಣ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಮೇಷ್ಟ್ರು ನಿನ್ನನ್ನು ಬೇಡವೆನ್ನಲಿಲ್ಲ. ಅವರನ್ನು ಬಸ್ಸಿಗೆ ಬಿಡಲು ನಾನೊಬ್ಬನೇ ಹೋಗಿದ್ದೆ. “ನಿನ್ನ ತಂಗೀನ ಕಳಿಸಪ್ಪ. ಅಂಥ ದನಿ ನಾನು ಕೇಳಿಲ್ಲ. ನಿನಗೂ ಆಸೆ ಇದ್ರೆ ಜೊತೇಲಿ ಬಾ” ಎಂದಿದ್ದರು. ನಾನು ಮನೆಗೆ ಬಂದು, ನಿನ್ನದು ಒಡಕು ದನಿ ಎಂದರೆಂದು ಅಪ್ಪನಿಗೆ ಹೇಳಿದೆ. ಬಾಗಿಲ ಹಿಂದೆ ನೀನಿದ್ದೆ. ಮೇಷ್ಟ್ರಿಗೆ, ನಿನಗೆ ಇಷ್ಟವಿಲ್ಲವೆಂದು ಹೇಳಿದೆ. ನಾನು ಪಾಠ ಬಿಟ್ಟ ಮೇಲೂ, ಅವರು ಸಾಯುವ ವರ್ಷದವರೆಗೂ, ರಸ್ತೆಯಲ್ಲಿ ಕಂಡಾಗಲೆಲ್ಲ ಕೇಳುತ್ತಿದ್ದದ್ದು ಒಂದೇ: “ತಂಗಿ ಮನಸ್ಸು ಬದಲಾಯ್ತೇನಪ್ಪ?”

ಪ್ರತಿ ಸಲವೂ ನಾನು ‘ಇಲ್ಲ’ ಎಂದೆ.