ಇಲಿ ಕಡಿದ ಕೊಬ್ಬರಿ

ಪೂನಾ, ೯–೮–೧೯೬೪

ಅಪ್ಪನಿಗೆ ಗೋದಾಳ ನಮಸ್ಕಾರ.

ನಾನು ಮೂಳೆ ಮುಟ್ಟುವ ಕೆಲಸಕ್ಕೆ ಸೇರಿದ ಮೇಲೆ ನೀವು ಕಾಗದ ಬರೆದಿಲ್ಲ. ಆದರೂ ಇದನ್ನು ನಿಮಗೇ ಮೊದಲು ಹೇಳಬೇಕು: ನಿನ್ನೆ ನಾನು ಗೆದ್ದೆ.

ಕಲ್ಲಾಗಿಹೋದ ಕಾಡೆಮ್ಮೆ ಮೂಳೆಯ ಮೇಲಿನ ಗೀರೆಲ್ಲ ಕತ್ತೆಕಿರುಬನ ಹಲ್ಲಿನದೇ ಎಂದು ಪ್ರೊಫೆಸರರು ಹಟ ಹಿಡಿದಿದ್ದರು. ನಾನು ಒಂದು ಗೀರಿನ ಮೇಲೆ ಉಗುರು ಆಡಿಸಿದೆ. ಅರಸೀಕೆರೆ ಮಂಡಿಯಲ್ಲಿ ನೀವು ಕೊಬ್ಬರಿ ಹಿಡಿದು, "ಇದು ಇಲಿ ಹಲ್ಲಲ್ಲ ಕಣ್ರೀ, ಕತ್ತಿ ತಾಗಿರೋದು. ಉಗುರು ಸಿಕ್ಕಿಕೊಳ್ಳುತ್ತೆ ನೋಡಿ" ಅನ್ನುತ್ತಿದ್ದಿರಲ್ಲ, ಹಾಗೆಯೇ ಸಿಕ್ಕಿಕೊಂಡಿತು. ಕಲ್ಲಿನ ಅಲಗಿನ ಗೀರು! ಕಿರುಬನ ಹಲ್ಲಿನ ಗುರುತು ಅದರ ಮೇಲೆ ಹಾದಿದೆ. ಅಂದರೆ ಮಾಂಸ ಕುಯ್ದು ತಿಂದ ಮನುಷ್ಯನೇ ಮೊದಲು, ಕಿರುಬ ಆಮೇಲೆ. ಭೂತಗನ್ನಡಿಯಲ್ಲಿ ನೋಡಿ ಪ್ರೊಫೆಸರರು ಒಪ್ಪಿದರು. ಯಾರು ಕಲಿಸಿದ್ದೆಂದು ಕೇಳಿದಾಗ ನಿಮ್ಮ ಹೆಸರು ಹೇಳಿದೆ.

ಕಾಗದ ಬೇಡವೆಂದರೆ ಬೇಡ, ಇಲಿ ಕಡಿದ ಕೊಬ್ಬರಿ ಗಿಟುಕು ನಾಲ್ಕು ಪಾರ್ಸೆಲ್ ಮಾಡಿ. ಮುಂದಿನ ತಿಂಗಳಿಂದ ಇಲ್ಲಿಯ ವಿದ್ಯಾರ್ಥಿಗಳಿಗೆ ನಿಮ್ಮ ಪಾಠ ಹೇಳಿಕೊಡುವವಳು ನಾನೇ.

ನಿಮ್ಮ ಮಗಳು,
ಗೋದಾ