ಅಪ್ಪನಿಗೆ ಸಿಗದ ಹೆಗಲು

ಅಣ್ಣ ಅಸಾಹೆಲ್,

ನಿನ್ನ ಕ್ಷೇಮ ಕೇಳಲು ಬರೆದ ಕಾಗದವಲ್ಲ ಇದು. ಅಪ್ಪನನ್ನು ಮಣ್ಣು ಮಾಡಿ ಬಂದೆವು. ನೀನು ಬೇಲಿಯ ಬಳಿ ನಿಂತು ನೋಡಿದೆ, ಗೊತ್ತು. ಆದರೂ ಹೇಳದಿದ್ದರೆ ನನ್ನ ಹೊಟ್ಟೆಯ ಉರಿ ಆರುವುದಿಲ್ಲ.

ಅಪ್ಪ ಕೊನೆಗೆ ಕೇಳಿದ್ದು ಒಂದೇ. "ಕೆಜಿಯಾ, ತಲೆ ಕಡೆ ನಿಮ್ಮಣ್ಣ, ಪಕ್ಕದಲ್ಲೇ ನಿನ್ ಗಂಡ. ಇಬ್ರೂ ಜೊತೇಲಿ ಹೆಗಲು ಕೊಡ್ಲಿ, ಅಷ್ಟು ಸಾಕಮ್ಮ." ಇಂಗ್ಲೆಂಡಿನ ದೊರೆಯನ್ನು ಓಡಿಸುವ ಯುದ್ಧದಲ್ಲಿ ನೀನೂ ನಮ್ಮ ಯಜಮಾನರಾದ ಝೀನಸರೂ ಹಿಮದಲ್ಲಿ ಒಂದೇ ಕಂಬಳಿ ಹೊದ್ದು ಮಲಗಿದವರು. ಪಾಪ, ಅಪ್ಪ ಅದನ್ನೇ ನಂಬಿಕೊಂಡಿದ್ದ.

ಈಗ ನಿನ್ನ ಟೋಪಿಗೆ ಫೆಡರಲಿಸ್ಟರ ಕಪ್ಪು ರಿಬ್ಬನ್ ಹೂವು, ಅವರ ಟೋಪಿಗೆ ರಿಪಬ್ಲಿಕನ್ನರ, ಫ್ರಾನ್ಸಿನ ಬಾವುಟದ ಮೂರು ಬಣ್ಣದ್ದು. ಊರಿನಲ್ಲಿ ಟೋಪಿ ನೋಡಿಯೇ ನಮಸ್ಕಾರ. ಅವರು ನಿನಗೆ ಫ್ರಾನ್ಸಿನ ಬಾಲ, ನೀನು ಅವರಿಗೆ ದೊರೆಯ ಎಂಜಲು ನೆಕ್ಕುವವನು. ತಮಾಷೆ ಕೇಳು: ಪಕ್ಷ ಕಟ್ಟುವುದು ದೇಶದ್ರೋಹವೆಂದು ಇಬ್ಬರೂ ಅನ್ನುತ್ತೀರಿ. "ನಮ್ದು ಪಕ್ಷ ಅಲ್ಲ ಕಣೇ, ನಾವು ದೇಶದ ಪರ. ಪಕ್ಷ ಕಟ್ಕೊಂಡಿರೋರು ಅವ್ರು!" ನಿನ್ನ ಬಾಯಲ್ಲಿ ಕೇಳಿದ ಮಾತನ್ನೇ ಮನೆಗೆ ಬಂದು ಗಂಡನ ಬಾಯಲ್ಲೂ ಕೇಳಿದೆ. ಅಯ್ಯೋ ದೇವರೇ, ಪಕ್ಷವೇ ಇಲ್ಲದ ಊರಿನಲ್ಲಿ ಒಂದು ಹೆಣ ಎತ್ತಲು ಗಂಡಸರಿರಲಿಲ್ಲ!

ಅಪ್ಪನ ಶವಪೆಟ್ಟಿಗೆ ಅಂಗಳದಲ್ಲಿತ್ತು. "ಅವ್ನು ಆ ಹೂವು ಕಿತ್ತು ಬಿಸಾಕ್ಲಿ, ಆಮೇಲೆ ಮುಟ್ತೀನಿ" ಎಂದೆ ನೀನು. "ಮೊದ್ಲು ಅವ್ನು ಕೀಳ್ಲಿ" ಎಂದರು ಇವರು. ನಿಮ್ಮ ನಿಮ್ಮ ಕಡೆಯವರು ಹಿಂದೆ ನಿಂತು ಹೂಂಗುಟ್ಟಿದರು. ಅಮ್ಮ ಇಬ್ಬರ ಕೋಟು ಹಿಡಿದು ಬೇಡಿಕೊಂಡಳು. ಪಾದ್ರಿ ಆಕಾಶ ನೋಡಿದರು.

ಮೊದಲು ಬಗ್ಗಿದವಳು ನಿನ್ನ ಹೆಂಡತಿ ಮೆಹಿಟಬೆಲ್. "ಬನ್ರೇ, ಎತ್ತಿ" ಎಂದಳು. ಅವಳು, ಅಮ್ಮ, ನಾನು, ಪಕ್ಕದ ಮನೆಯ ವಿಧವೆ ಸೇರಿ ಹೊತ್ತೆವು. ಕಾಯಿಲೆಯಲ್ಲಿ ಸೊರಗಿದ್ದ ಅಪ್ಪ ಹಗುರವಾಗಿದ್ದ. ಆದರೂ ಗುಡ್ಡದ ದಾರಿಯಲ್ಲಿ ಪೆಟ್ಟಿಗೆ ವಾಲಿತು, ಅಮ್ಮನ ಭುಜ ತರಚಿತು.

ಆಗ ನಿಮ್ಮನ್ನು ನೋಡಿದೆ. ಹೆಣ ಹಾದುಹೋಗುವಾಗ ಟೋಪಿ ತೆಗೆಯುವುದು ನಮ್ಮ ರೂಢಿಯಲ್ಲವೇ? ದಾರಿಯ ಆ ಬದಿ ಬೇಲಿಯ ಬಳಿ ನೀನು, ಈ ಬದಿ ಇವರು, ಇಬ್ಬರೂ ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದಿರಿ. ಅಷ್ಟು ಮರ್ಯಾದೆ ಗೊತ್ತಿದ್ದವರು ಅಂಗಳದಲ್ಲೇ ಆ ಟೋಪಿ ತೆಗೆದಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಮನೆಯಲ್ಲಿ ಇವರಿಗೂ ಇದನ್ನೇ ಕೇಳಿದೆ. ಟೋಪಿಯ ಹೂವು ಸರಿಮಾಡಿಕೊಂಡು ಹೊರಗೆ ಹೋದರು. ನೀನು ಉತ್ತರ ಬರೆಯಬೇಡ. ಅಮ್ಮ ಆಗಲೇ ಹೇಳಿಬಿಟ್ಟಿದ್ದಾಳೆ: "ನನ್ನನ್ನೂ ಹೆಣ್ಮಕ್ಳೇ ಹೊರ್ಲಿ."

ನಿನ್ನ ಮಕ್ಕಳಾದರೂ ನಿನಗೆ ಜೊತೆಯಾಗಿ ಹೆಗಲು ಕೊಡಲಿ ಎಂದು ಹಾರೈಸುವ,
ಹೆಗಲ ನೋವು ಇನ್ನೂ ಇಳಿಯದ ನಿನ್ನ ತಂಗಿ,
ಕೆಜಿಯಾ