ಓವನ್ನಿನಲ್ಲಿ ಚಾಕು ಇದೆ

ಇವಳೇ,
ಬಂದ ತಕ್ಷಣ ಓವನ್ ಬಾಗಿಲು ತೆಗೀಬೇಡ. ಒಳಗೆ ಚಾಕು ಹದಕ್ಕೆ ಬರ್ತಾ ಇದೆ. ಬೆಳಗ್ಗೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ್ದು; ಹಾಗೇ ಬಿಟ್ಟರೆ ಕೈಜಾರಿ ಬಿದ್ದಾಗ ಬಳೆ ಥರ ಒಡೆಯುತ್ತೆ. ಹನ್ನೊಂದಕ್ಕೆ ಸರಿಯಾಗಿ ಬಾಗಿಲ ಗಾಜಿನೊಳಗಿಂದ ನೋಡು. ಜೇನಿನ ಬಣ್ಣ ಬಂದಿದ್ದರೆ ಓವನ್ ಆರಿಸಿಬಿಡು. ನೀಲಿಗೆ ತಿರುಗಿತೋ, ಒಂದು ತಿಂಗಳ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಆಗಲೇ ನಾಲ್ಕು ಸಲ ಇಣುಕಿದೆ, ಬಿಟ್ಟು ಹೋಗೋಕೆ ಮನಸ್ಸೇ ಇಲ್ಲ.

ರಿಟೈರಾದ ಮೇಲಾದರೂ ಒಂದು ಕಡೆ ಕೂತ್ಕೊಳ್ಳಿ ಅಂತೀಯಲ್ಲ, ಇವತ್ತು ಡಾಕ್ಟರ ಹತ್ತಿರ ಕೂತಿರ್ತೀನಿ. ಕುಲುಮೆ ಪಕ್ಕದ ಕಬ್ಬಿಣ ಕಪ್ಪಗಿತ್ತು, ಆರಿದೆ ಅಂತ ಹಿಡಿದುಬಿಟ್ಟೆ. ಅಕ್ಷರ ಸೊಟ್ಟಗಿರೋದು ಅದಕ್ಕೇ, ಎಡಗೈಲಿ ಬರೀತಿದ್ದೀನಿ.

ಗಾಬರಿಯಾಗಿ ಅಲ್ಲಿಗೆ ಓಡಿ ಬರಬೇಡ. ನೀನೂ ಬಂದರೆ ಹನ್ನೊಂದಕ್ಕೆ ಚಾಕು ನೋಡೋರು ಯಾರು?